ಜೂನ್ ಒಂದರ ಮಕ್ಕಳು

ಚಳ್ಳಕೆರೆಯ ಖೋ-ಖೋ ಪಂದ್ಯದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಬೈಗುಳ ತಿನ್ನುವುದೂ ಅದರಲ್ಲೇ ಸೇರಿದೆ.

ನಿಯಮ ಸರಳ: ಜೂನ್ ಒಂದಕ್ಕಿಂತ ಮುಂಚೆ ಹದಿನಾಲ್ಕು ತುಂಬಿದವರು ಆಡುವಂತಿಲ್ಲ. ಕೊಂಡ್ಲಹಳ್ಳಿ ತಂಡವನ್ನು ತೆರೆದರೆ ಎಲ್ಲರೂ ಮೇ ಮೂವತ್ತೊಂದರಂದೇ ಹುಟ್ಟಿದ್ದರು. ಉಳಿದವರು ಒಂದೆರಡು ವರ್ಷ ಚಿಕ್ಕವರು, ಪಾರಾದರು. ನಾಯಕಿ ಸೌಂದರ್ಯ ಮಾತ್ರ ಒಂದೇ ದಿನದಿಂದ ಹೊರಗೆ. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗಾರರು ಅವಳ ಆಟ ನೋಡಲೆಂದೇ ಬಂದಿದ್ದರು, ಮುಂದಿನ ವರ್ಷ ಅವಳಿಗೆ ಅವಕಾಶವಿಲ್ಲ.

"ಏನ್ರೀ ನಿರ್ಮಲಾ, ನಾನೇ ಜೂನ್ ಒಂದು ಅಂತ ಟೈಪ್ ಮಾಡೀನಿ. ನಿಮ್ಮ ಡಬ್ಬಕ್ಕೆ ಕಣ್ಣು ಕಾಣಲ್ವಾ?" ಎಂದು ಅವರ ಪಿ.ಟಿ. ಮೇಷ್ಟ್ರು ಮಾರುತೇಶ ಕೂಗಾಡಿದರು.

ಡಬ್ಬ ಸುಳ್ಳು ಹೇಳಿರಲಿಲ್ಲ. ಬರೀ ತಾರೀಕು ಕೊಟ್ಟರೆ ಅದು ತಾನೇ ರಾತ್ರಿ ಹನ್ನೆರಡು ಗಂಟೆ ಅಂತ ಸೇರಿಸಿ, ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯಕ್ಕೆ ಬದಲಿಸಿ ಇಟ್ಟುಕೊಳ್ಳುತ್ತದೆ. ತೋರಿಸುವಾಗ ಮತ್ತೆ ನಮ್ಮ ಸಮಯಕ್ಕೆ ತರಬೇಕು. ಆ ಸೆಟ್ಟಿಂಗ್ ಹಾಕಿರಲಿಲ್ಲ, ಮಕ್ಕಳೆಲ್ಲ ಹಿಂದಿನ ಸಂಜೆಗೆ ಜಾರಿದ್ದರು. ಸರಿಪಡಿಸಿದೆ. ಎಲ್ಲರೂ ಜೂನ್ ಒಂದಕ್ಕೆ ಬಂದರು. ಸೌಂದರ್ಯ ಆಗಲೇ ಶೂ ಕಟ್ಟತೊಡಗಿದಳು.

ಆಯ್ಕೆಗಾರರು ದೂರದೂರಿನವರು, ವಯಸ್ಸಿನ ವಿಚಾರದಲ್ಲಿ ಅವರದೇ ಕೊನೆಯ ಮಾತು. ಪರದೆ ನೋಡಿ, "ಇಡೀ ತಂಡ ಒಂದೇ ದಿನ ಹುಟ್ಟಿತಾ?" ಎಂದರು.

"ಮನೇಲಿ ಹುಟ್ಟಿದ್ ಮಕ್ಳು ಸಾರ್. ಶಾಲೆಗೆ ಸೇರ್ಸೋವಾಗ ಮೇಷ್ಟ್ರು ಜೂನ್ ಒಂದು ಅಂತ ಬರೀತಾರೆ. ನಂದೂ ಜೂನ್ ಒಂದೇ," ಎಂದುಬಿಟ್ಟರು ಮಾರುತೇಶ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಆಯ್ಕೆಗಾರರು ಸೌಂದರ್ಯಳ ತಾಯಿ ಶಾಂತಕುಮಾರಿಯನ್ನು ಕರೆಸಿ, "ನಿಜವಾಗಿ ಯಾವಾಗ ಹುಟ್ಟಿದ್ದಮ್ಮಾ?" ಎಂದು ಕೇಳಿದರು.

ಆಕೆಯ ಮುಖ ಅರಳಿತು. "ಶೇಂಗಾ ಕೀಳ್ತಿದ್ವಿ ಸಾ. ದೀಪಾವಳಿ ಇನ್ನೇನು ಬಂತು ಅನ್ನಂಗಿತ್ತು. ಹೊಲದಾಗೇ ನೋವು ಬಂತು. ನಮ್ಮತ್ತೇನೇ ಕೂಸ್ನ ಹಿಡಕಂಡ್ರು. ತಲೆ ತುಂಬ ಕೂದ್ಲು ಕಣ್ ಸಾ!"

"ಇದರಲ್ಲಿರೋ ಜೂನ್‌ಗಿಂತ ಮುಂಚೆಯೋ, ಆಮೇಲೋ?"

"ಮುಂಚೆ. ಆ ಜೂನ್‌ಗೆ ಆಗ್ಲೇ ಅಂಬೆಗಾಲು ಇಕ್ತಿದ್ಲು."

ಮಾರುತೇಶ ತಲೆಯ ಮೇಲೆ ಕೈಹೊತ್ತು ಕೂತರು. ನಾನು ಐದೂವರೆ ಗಂಟೆ ಸರಿಮಾಡಿದ್ದೆ, ಹುಡುಗಿ ಏಳು ತಿಂಗಳು ದೊಡ್ಡವಳಾದಳು. "ತಾಯಿಯೇ ಹೇಳಿದ ಮೇಲೆ ನಾನೇನು ಮಾಡಲಿ?" ಎಂದು ಆಯ್ಕೆಗಾರರು ಹೆಸರು ತೆಗೆಸಿದರು. ಅಳಿಸಿದ್ದು ನನ್ನ ಬೆರಳೇ.

ಸೌಂದರ್ಯ ಶೂ ಕಿತ್ತೆಸೆದಳು. "ಇವತ್ತೇ ಹೇಳ್ಬೇಕಿತ್ತೇನವ್ವಾ?"

ಶಾಂತಕುಮಾರಿ ಶೂ ಎತ್ತಿಕೊಂಡು ಸೆರಗಿನಲ್ಲಿ ಮಣ್ಣು ಒರೆಸಿದರು.

"ಇವತ್ತಿನ್ ತಂಕ ಯಾರೂ ಕೇಳಿರ್ಲಿಲ್ಲ ಕಣವ್ವಾ."