ಅಧ್ಯಯನಕ್ಕೆ ಮಾತ್ರ ಹಣ

ನರಿಕೊಂಬಿನ ಸಮುದಾಯ ಭವನಕ್ಕೆ ಸಾಲಿಹಾ ಮೊದಲ ಸಲ ಹೋದಾಗ ಅಲ್ಲಿ ಹೆಂಗಸರ ಹೊಲಿಗೆ ತರಗತಿ ನಡೆಯುತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಆದರೂ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಹೆಂಚಿನ ಮಾಡು ಎತ್ತರದಲ್ಲಿತ್ತು. ನದಿಯ ಕಡೆಯ ಕಿಟಕಿಗಳಿಂದ ಬಂದ ಗಾಳಿ ಎದುರು ಬಾಗಿಲಲ್ಲಿ ಹೊರಗೆ ಹೋಗುತ್ತಿತ್ತು.

ಸಾಲಿಹಾ ಗುರುವಾಯನಕೆರೆಯವಳು. ಇಂಜಿನಿಯರಿಂಗ್ ಮುಗಿಸಿ ಮೂಡುಬಿದಿರೆಯ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಕಟ್ಟಡಗಳು ಎಷ್ಟು ಕರೆಂಟು, ಡೀಸೆಲ್, ಸೌದೆ ನುಂಗುತ್ತವೆ ಎಂದು ಅಳೆದು, ಅದನ್ನು ತಗ್ಗಿಸುವ ದಾರಿ ಹೇಳುವುದು ಅವಳ ಕೆಲಸ. ಈ ಸಲ ಊರೂರಿನ ಭವನಗಳಿಂದ ಹೊರಡುವ ಇಂಗಾಲವನ್ನು ಹೇಗೆ ಕಡಿಮೆ ಮಾಡಬಹುದೆಂದು ತಿಳಿಯಲು ಬೆಂಗಳೂರಿನ ಒಂದು ಪ್ರತಿಷ್ಠಾನ ಹಣ ಕೊಟ್ಟಿತ್ತು.

ಹೊಲಿಗೆ ಕಲಿಸುವ ಕಾಂತಿ ಅವಳ ಮಾತನ್ನು ಪೂರ್ತಿ ಕೇಳಿ, "ಸ್ಟಡಿ ಆದ ಮೇಲೆ ಎಂತ ಕೊಡ್ತಾರೆ?" ಅಂದಳು.

"ಹಣ ಇರುವುದು ಸ್ಟಡಿಗೆ ಮಾತ್ರ ಅಕ್ಕ. ನಾವು ರಿಪೋರ್ಟ್ ಕೊಡ್ತೇವೆ. ಅದನ್ನು ತೋರಿಸಿ ಬೇರೆ ಕಡೆ ಕೇಳಬಹುದು."

"ಹಾಗಾದ್ರೆ ಅಡುಗೆಕೋಣೆ ಹೊಗೆಯ ವಿಷಯ ಬರೆಯಿರಿ. ಮದುವೆ ದಿನ ಅಲ್ಲಿ ನಿಂತವರಿಗೆ ಕಣ್ಣು ಬಿಡ್ಲಿಕ್ಕೆ ಆಗುವುದಿಲ್ಲ."

ಸಾಲಿಹಾ ಆ ಬೇಸಿಗೆಯಿಡೀ ಅಲ್ಲಿಗೆ ಬಂದು ಹೋದಳು. ಮದುವೆ, ಮುಂಜಿ, ಸಂಘದ ಸಭೆ ಯಾವುದನ್ನೂ ಬಿಡಲಿಲ್ಲ. ಅವಳು ನೋಡಿದ ಭವನಗಳಲ್ಲೆಲ್ಲ ಕಡಿಮೆ ಕರೆಂಟು ಬೇಡುವುದು ಇದೇ ಎಂದು ಗೊತ್ತಾದಾಗ ತನ್ನದೇ ಮನೆಯನ್ನು ಯಾರೋ ಹೊಗಳಿದಷ್ಟು ಖುಷಿಯಾಯಿತು. ತೊಂದರೆ ಇದ್ದದ್ದು ಭವನದ ಹಿಂಬದಿಗೆ ಶೀಟು ಹಾಕಿ ಇಳಿಸಿದ ಅಡುಗೆಕೋಣೆಯಲ್ಲಿ ಮಾತ್ರ. ಅದಕ್ಕೊಂದು ಒಳ್ಳೆಯ ಒಲೆ, ಹೊಗೆ ಹೋಗಲು ದಾರಿ, ಉಳಿದ ಅನ್ನ ಹಾಕಲು ಗೋಬರ್ ಗ್ಯಾಸ್ ಗುಂಡಿ ಆದರೆ ಸಾಕಿತ್ತು. ಹಾಗೆಯೇ ಬರೆದಳು. 'ಈಗಿನ ಅಡುಗೆಕೋಣೆ ಬಳಕೆಗೆ ತಕ್ಕುದಲ್ಲ' ಎಂದೂ ಬರೆದಳು.

ವರದಿಯ ಮೊದಲ ಪುಟದ ಸಾರಾಂಶವನ್ನು ಬರೆದವನು ಸಂಸ್ಥೆಯ ಮುಖ್ಯಸ್ಥ ರೋಹಿತ್. ಅವನು ಅವಳ ಮಾತನ್ನು ಚಿಕ್ಕದು ಮಾಡಿ, 'ಈಗಿನ ಕಟ್ಟಡ ಬಳಕೆಗೆ ತಕ್ಕುದಲ್ಲ' ಎಂದು ಬರೆದ. ಅದು ಸಾಲಿಹಾಳ ಕಣ್ಣಿಗೆ ಬಿದ್ದಾಗ ವರದಿ ಅಚ್ಚಾಗಿ ಎಲ್ಲರ ಕೈ ಸೇರಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಕಾಂತಿಯ ಫೋನ್ ಬಂತು.

"ಮೇಡಂ, ನಮ್ಮ ಹಾಲ್‌ನ ಹೆಂಚು ಇಳಿಸ್ತಾ ಇದ್ದಾರೆ. ಕೇಳಿದ್ರೆ ನೀವೇ ಬರೆದುಕೊಟ್ಟದ್ದಂತೆ."

ಸಾಲಿಹಾ ಹೋಗುವಾಗ ಅರ್ಧ ಮಾಡು ಬಯಲಾಗಿತ್ತು. ಭವನದ ಅಧ್ಯಕ್ಷ ಶೋಧನ್ ಶೆಟ್ಟಿ ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದರು. ದುಬೈಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದ ಮನುಷ್ಯ, ಒರಟರಲ್ಲ.

"ಶೆಟ್ರೆ, ಸರಿ ಇಲ್ಲ ಅಂತ ನಾನು ಬರೆದದ್ದು ಅಡುಗೆಕೋಣೆ ಮಾತ್ರ. ಒಳಗಿನ ಪುಟ ಓದಿ."

"ಓದಿದ್ದೇನೆ. ಎಲ್ಲ ಗೊತ್ತುಂಟು," ಅಂದರು ಶೆಟ್ಟರು ಮೆಲ್ಲಗೆ. "ಆದ್ರೆ ಹೆಂಚಿನ ಹಾಲ್ ಯಾರಿಗೆ ಬೇಕು ಹೇಳಿ? ನಮ್ಮೂರಿನವರ ಮದುವೆ ಎಲ್ಲ ಬಿ.ಸಿ.ರೋಡ್ ಪೇಟೆಯ ಎಸಿ ಹಾಲಿಗೆ ಹೋಗ್ತದೆ. ಕೆಡವುವ ಅಂದ್ರೆ ಹಿರಿಯರು ಬಿಡ್ತಾ ಇರ್ಲಿಲ್ಲ. ನಿಮ್ಮ ರಿಪೋರ್ಟ್ ಓದಿ ಹೇಳಿದೆ, ಸುಮ್ಮನಾದ್ರು. ಎಸಿ ಹಾಲ್ ಮಾಡ್ತೇವೆ. ಮೇಲೆ ಸೋಲಾರ್ ಹಾಕ್ತೇವೆ."

"ಎಸಿಗೆ ಬೇಕಾದಷ್ಟು ಕರೆಂಟು ಆ ಸೋಲಾರಿನಿಂದ ಬರುವುದಿಲ್ಲ."

"ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ನಿಮ್ಮ ಮದುವೆ ಎಲ್ಲಿ ಆದದ್ದು?"

ಸಾಲಿಹಾಳ ಮದುವೆ ಬಿ.ಸಿ.ರೋಡಿನ ಎಸಿ ಹಾಲಿನಲ್ಲಿ ಆಗಿತ್ತು. ಅವಳು ಮಾಡಿನ ಕಡೆ ತಿರುಗಿದಳು. ಮೇಲಿಂದ ಹೆಂಚುಗಳು ಕೈಯಿಂದ ಕೈಗೆ ಇಳಿಯುತ್ತಿದ್ದವು.

ಮರುದಿನ ಅವಳು ರೋಹಿತ್‌ನ ಕೋಣೆಗೆ ಹೋಗಿ, ಸಾರಾಂಶ ತಪ್ಪಾಗಿದೆಯೆಂದು ಭವನದ ಸಮಿತಿಗೂ ಪ್ರತಿಷ್ಠಾನಕ್ಕೂ ಬರೆದು ತಿಳಿಸಬೇಕೆಂದಳು.

"ಈಗ ಬರೆದ್ರೆ ಕೆಡವಿದ ಹಾಲ್ ಎದ್ದು ನಿಲ್ತದಾ?" ಅಂದ ರೋಹಿತ್. "ಪ್ರತಿಷ್ಠಾನದವರು ಖುಷಿಯಲ್ಲಿ ಇದ್ದಾರೆ. ಎಷ್ಟೋ ರಿಪೋರ್ಟ್ ಕಪಾಟಿನಲ್ಲೇ ಉಳೀತದೆ, ನಮ್ಮದು ಕೆಲಸಕ್ಕೆ ಬಂತು ಅಂತ ಅವರ ಲೆಕ್ಕ."

ಅವಳು ತಾನೇ ಪತ್ರ ಬರೆದು ಕಳಿಸಿದಳು. ಆಸಕ್ತಿ ತೋರಿದ್ದಕ್ಕೆ ಧನ್ಯವಾದ ಎಂದು ಪ್ರತಿಷ್ಠಾನದಿಂದ ಉತ್ತರ ಬಂತು. ಸಮಿತಿಯಿಂದ ಅದೂ ಬರಲಿಲ್ಲ.

ಹೊಸ ಭವನ ಎದ್ದಿತು. ಗಾಜಿನ ಗೋಡೆ, ತೆರೆಯಲಾಗದ ಕಿಟಕಿ, ಹಿತ್ತಿಲಲ್ಲಿ ಕೋಣೆಯಷ್ಟು ದೊಡ್ಡ ಜನರೇಟರ್. ಬಾಗಿಲ ಮೇಲೆ 'ಹಸಿರು ಭವನ' ಎಂಬ ಫಲಕ. ಅಡುಗೆಕೋಣೆ ಮಾತ್ರ ಶೀಟಿನ ಕೆಳಗೇ ಉಳಿಯಿತು. ಕಟ್ಟಡ ಮುಗಿಯುವಾಗ ಹಣವೂ ಮುಗಿದಿತ್ತು. ಉದ್ಘಾಟನೆಯ ದಿನ ರೋಹಿತ್‌ಗೆ ಶಾಲು ಹೊದಿಸಿದರು. ಬೆಳ್ತಂಗಡಿಯಲ್ಲಿ ಕೆಲಸ ಉಂಟು ಎಂದು ಹೇಳಿ ಸಾಲಿಹಾ ಹೋಗಲಿಲ್ಲ.

ಮೊದಲ ವರ್ಷದ ಕರೆಂಟು ಬಿಲ್ಲು ನೋಡಿ ಸಮಿತಿ ಕಂಗಾಲಾಯಿತು. ಹೊಸ ಭವನದ ಇಂಗಾಲ ತಗ್ಗಿಸುವ ಬಗ್ಗೆ ಇನ್ನೊಂದು ಅಧ್ಯಯನಕ್ಕೆ ಪ್ರತಿಷ್ಠಾನ ಒಪ್ಪಿತು. ಅದನ್ನು ರೋಹಿತ್ ಸಾಲಿಹಾಳಿಗೇ ವಹಿಸಿದ. ಸಾಲಿಹಾಳ ನೌಕರಿ ಪ್ರಾಜೆಕ್ಟ್ ಇದ್ದಷ್ಟು ದಿನದ್ದು. ಬೇಡವೆನ್ನಲು ಎರಡು ಸಲ ಬಾಯಿ ತೆರೆದವಳು, ಕಡೆಗೆ ಒಪ್ಪಿಕೊಂಡಳು.

ಅದಾಗಿ ಸ್ವಲ್ಪ ದಿನಕ್ಕೆ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಕಾಂತಿ ಸಿಕ್ಕಿದಳು. ಹೊಸ ಭವನದಲ್ಲಿ ಹೊಲಿಗೆ ತರಗತಿಗೆ ಜಾಗ ಕೊಟ್ಟಿರಲಿಲ್ಲ. ನೆಲದ ಟೈಲ್ಸಿಗೆ ಮೆಷಿನ್ ತಾಗಿ ಗೀರು ಬೀಳುತ್ತದೆಯಂತೆ. ಕಾಂತಿ ಈಗ ಬಿ.ಸಿ.ರೋಡಿನಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು. ಕಲಿಯುತ್ತಿದ್ದ ಹೆಂಗಸರು ಮನೆಯಲ್ಲೇ ಉಳಿದಿದ್ದರು.

"ಅಕ್ಕ, ನಾನು ಹಾಗೆ ಬರೆದದ್ದಲ್ಲ," ಅಂದಳು ಸಾಲಿಹಾ.

"ಗೊತ್ತುಂಟು," ಅಂದಳು ಕಾಂತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಒಳ್ಳೆ ಮನಸ್ಸಿನಲ್ಲೇ ಬಂದದ್ದು. ಆದ್ರೆ ನೀವು ಬಾರದೆ ಇದ್ದಿದ್ರೆ ನಮ್ಮ ಹಾಲ್ ಇನ್ನೂ ಇರ್ತಿತ್ತು."

ಅಷ್ಟರಲ್ಲಿ ಮೂಡುಬಿದಿರೆಯ ಬಸ್ಸು ಬಂತು. ಹೊಸ ಅಧ್ಯಯನದ ಮೊದಲ ಸಭೆ ಅಂದೇ ಇತ್ತು. ಕಾಂತಿ, "ಹೋಗಿ ಮೇಡಂ, ಸೀಟು ಸಿಗ್ಲಿಕ್ಕಿಲ್ಲ ಮತ್ತೆ," ಅಂದಳು. ಸಾಲಿಹಾ ಹತ್ತಿದಳು.