ಕಿಕ್ಕೇರಿಯವರೆಗಿನ ಬಾಗಿಲುಗಳು

ಆಯುಧಪೂಜೆಯ ಹಿಂದಿನ ದಿನ ಹರ್ಷಿತ ಸಂತೆಬಾಚಹಳ್ಳಿಯಿಂದ ಮೊದಲ ಬಸ್ಸಿಗೇ ಕೆ.ಆರ್. ಪೇಟೆಗೆ ಬಂದು, ದಿಲೀಪ ತನ್ನ ಕಂಪ್ಯೂಟರ್ ಅಂಗಡಿಯ ಶಟರ್ ಎತ್ತುವವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು. ಮನೆಯ ಕಂಪ್ಯೂಟರಿನೊಳಗೆ ಮೂರು ದಿನದಿಂದ ಟಕ್ ಟಕ್ ಎಂಬ ಸದ್ದು. ಅವಳ ಗಂಡ ಸುರೇಂದ್ರ ಒಂಬತ್ತು ವರ್ಷ ಬರೆದ ಬಾಗಿಲುಗಳ ಚಿತ್ರಗಳೆಲ್ಲ ಅದರಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಸುರೇಂದ್ರ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವನು ಕಂಪ್ಯೂಟರಿನಲ್ಲಿ ಬರೆದದ್ದನ್ನು ಯಂತ್ರ ಮರದ ಮೇಲೆ ಕೊರೆಯುತ್ತಿತ್ತು. ಕೊನೆಗೆ ಅವನೂ ಅವನ ಅಪ್ಪ ಶ್ರೀನಿವಾಸಾಚಾರ್ಯರೂ ಕೂತು ಉಳಿ ಆಡಿಸಿ ನಯ ಮಾಡುತ್ತಿದ್ದರು. ಈಗಲೂ ಗಿರಾಕಿಗಳು ಬಂದು ಇಂಥವರ ಮನೆಯ ಬಾಗಿಲಿನಂಥದ್ದೇ ಬೇಕು ಎನ್ನುತ್ತಿದ್ದರು. ಆ ಫೈಲು ಹುಡುಕಿ, ಅಳತೆ ಸರಿಪಡಿಸಿ ಯಂತ್ರಕ್ಕೆ ಕೊಡುವಷ್ಟನ್ನು ಮೈಸೂರಿನಲ್ಲಿ ಎಂ.ಎಸ್ಸಿ. ಓದಿದ್ದ ಹರ್ಷಿತ ಕಲಿತುಕೊಂಡಿದ್ದಳು. ಹೊಸದಾಗಿ ಬರೆಯಲು ಬರುತ್ತಿರಲಿಲ್ಲ. ಫೈಲು ಹೋದರೆ ಮನೆಯ ಕಸುಬೂ ಹೋದಂತೆ.

"ಟಕ್ ಟಕ್ ಅಂತದಾ? ಅಂಗಾರೆ ಅದ್ರ ಕತೆ ಮುಗೀತು ಅನ್ಕಳಿ ಅಕ್ಕ," ಎಂದ ದಿಲೀಪ. "ಇವತ್ತೇ ಎಲ್ಲಾನೂ ಕಾಪಿ ಮಾಡ್ಕಂಬುಡಿ. ಮುಗಿಯಗಂಟ ಆಫ್ ಮಾಡ್ಬ್ಯಾಡಿ. ಒಂದ್ಸಲ ಮಲಗಿದ್ರೆ ಮತ್ತೆ ಏಳ್ತದೋ ಇಲ್ವೋ."

ಮೇಜಿನ ಮೇಲೆ ಮೂರು ಡಬ್ಬಿ ಇಟ್ಟ. ದೊಡ್ಡದರಲ್ಲಿ ಜಾಗ ಹೆಚ್ಚು, ಆದರೆ ಅದಕ್ಕೆ ಬೇರೆಯೇ ಅಡಾಪ್ಟರು ಬೇಕು. ಕರೆಂಟು ಹೋದರೆ, ಕಂಪ್ಯೂಟರು ಯುಪಿಎಸ್‌ನಲ್ಲಿ ಓಡುತ್ತಿದ್ದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು ಬೆಂಕಿಪೊಟ್ಟಣದಷ್ಟು ಚಿಕ್ಕದು, ಒಳಗೆ ತಿರುಗುವ ತಟ್ಟೆಯೇ ಇಲ್ಲ. ಮೂರನೆಯದು ಅಂಗೈಯಗಲದ ಸಾದಾ ಹಾರ್ಡ್ ಡಿಸ್ಕು, ಕಂಪ್ಯೂಟರಿನಿಂದಲೇ ಕರೆಂಟು ಎಳೆದುಕೊಳ್ಳುವಂಥದು.

"ಪೆಟ್ಟಿಗೇಲಿ ವರ್ಷಗಟ್ಟಲೆ ಇಡೋಕೆ ಯಾವುದು ಒಳ್ಳೇದು?"

"ಸ್ಪೀಡು ಬೇಕು ಅಂದ್ರೆ ಈ ಚಿಕ್ಕದು. ಸುಮ್ಕೆ ಮಡಗಾಕೆ ಸಾದಾದೇ ಸಾಕು. ಆಗಾಗ ಹಾಕಿ ನೋಡ್ತಾ ಇರಿ. ಬೀಳಿಸ್ಬ್ಯಾಡಿ ಅಷ್ಟೆ. ಮೊಟ್ಟೆ ಅನ್ಕಳಿ."

"ನಮ್ಮನೇಲಿ ಮೊಟ್ಟೆ ತರಲ್ಲ."

"ಅಂಗಾರೆ ಗಾಜಿನ ಬಳೆ ಅನ್ಕಳಿ," ಎಂದವನು ನಾಲಿಗೆ ಕಚ್ಚಿಕೊಂಡು ಬಿಲ್ಲಿನ ಪುಸ್ತಕ ಹುಡುಕತೊಡಗಿದ. ಹರ್ಷಿತ ಸಾದಾದನ್ನೇ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಮನೆಯಲ್ಲಿ ಕಾಪಿ ಶುರುವಾಯಿತು. ಕೆಟ್ಟ ಡಿಸ್ಕು ತಡವರಿಸಿ ಓದುತ್ತಿತ್ತು. ಇನ್ನು ಇಪ್ಪತ್ತೆರಡು ಗಂಟೆ ಬೇಕು ಎಂದು ತೋರಿಸಿತು. ಸುರೇಂದ್ರ ಊರಿಗೊಂದು ಫೋಲ್ಡರ್ ಮಾಡಿದ್ದ. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಮೊದಲು ಬೆಳಗೊಳ, ಆಮೇಲೆ ಹೇಮಗಿರಿ.

"ಚಿತ್ರ ಎಲ್ಲಾ ಇದಕ್ಕೆ ತಗೋತಾ ಇದೀನಿ ಮಾವ," ಎಂದು ಹೇಳಿದಳು. ಕಂಪ್ಯೂಟರ್ ಆರಿಸಬಾರದು ಎಂದು ಹೇಳಲಿಲ್ಲ. ಹದಿನಾಲ್ಕು ತಿಂಗಳಿಂದ ಅವರು ಕಂಪ್ಯೂಟರಿದ್ದ ಕೋಣೆಗೆ ಕಾಲಿಟ್ಟಿರಲಿಲ್ಲ.

ಮರುದಿನ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಡುಮನೆಯ ಹಲಗೆಯ ಮೇಲೆ ಉಳಿ, ಬಾಚಿ, ಗರಗಸಗಳು ಸಾಲಾಗಿ ಕೂತಿದ್ದವು. ಸಾಲಿನ ಕೊನೆಯಲ್ಲಿ ಕಂಪ್ಯೂಟರಿನ ಪೆಟ್ಟಿಗೆ. ಅದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ಹೊಸ ಡಿಸ್ಕು, ಅದಕ್ಕೂ ಒಂದು ಬೊಟ್ಟು.

"ಅವ್ನ ಅತಾರಾನೂ ಇಳಿಸ್ದೆ ಕಣವ್ವ," ಎಂದರು ಮಾವ. "ಓದ ವರ್ಸ ಅಬ್ಬ ಇರ್ನಿಲ್ಲ. ಅದ್ಕೂ ಮುಂಚೆ ಅವ್ನೇ ಗುಂಡಿ ಒತ್ತಿ ಆರಿಸಿ ತಂದಿಕ್ತಿದ್ನಲ್ಲ, ಅಂಗೇ ಮಾಡ್ದೆ."

"ಅದು ಇನ್ನೂ..." ಎಂದು ಹರ್ಷಿತ ಮಾತು ನಿಲ್ಲಿಸಿದಳು.

"ಏನವ್ವ?"

"ಏನಿಲ್ಲ ಮಾವ."

ಪೂಜೆಗೆ ಇಳಿಸಿದ ಹತಾರವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವುದಿಲ್ಲ. ಅವಳು ಮುಟ್ಟಬಹುದಿತ್ತು. ಅದು ಏಳದಿದ್ದರೆ, ಏನಾಯಿತೆಂದು ಅವರಿಗೆ ಹಬ್ಬದ ದಿನವೇ ಹೇಳಬೇಕಾಗುತ್ತಿತ್ತು. ಅನ್ನಕ್ಕಿಟ್ಟಳು. ಹೋಳಿಗೆಗೆ ಹೂರಣ ರುಬ್ಬಿದಳು.

ದಶಮಿಯ ಬೆಳಿಗ್ಗೆ ಆಚಾರ್ಯರು ಒಂದೊಂದೇ ಹತಾರ ಎತ್ತಿ, ಒಂದೇ ಮರದ ತುಂಡಿನ ಮೇಲೆ ಒಂದೊಂದು ಏಟು ಹಾಕಿ ಕೆಳಗಿಟ್ಟರು. "ಅವ್ನದ್ನ ನೀನೇ ಎತ್ತವ್ವ," ಎಂದರು.

ಅವಳು ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಟಕ್ ಟಕ್ ಎಂದು ಆರು ಸಲ ಕೇಳಿ ನಿಂತಿತು. ಕಪ್ಪು ಪರದೆಯ ಮೇಲೆ, ಡಿಸ್ಕು ಸಿಗುತ್ತಿಲ್ಲ ಎಂಬ ಒಂದು ಬಿಳಿ ಸಾಲು. ಆರಿಸಿ ಇನ್ನೆರಡು ಸಲ ಒತ್ತಿ ನೋಡಿದಳು. ಅದೇ ಸಾಲು.

ಕಾಲೇಜಿನ ಕಾಲದ ತನ್ನ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು ಸಿಕ್ಕಿಸಿದಳು. ಬೆಳಗೊಳ ಇತ್ತು, ಹೇಮಗಿರಿ ಇತ್ತು, ಕಿಕ್ಕೇರಿ ಪೂರ್ತಿ ಇತ್ತು. ಮುಂದಕ್ಕೆ ಏನೂ ಇರಲಿಲ್ಲ. ಕಾಪಿ ಮುಗಿಯುವ ಮುಂಚೆಯೇ ಅದು ಆರಿತ್ತೆಂದು ಆಗ ಹೇಳಿದಳು.

ಆಚಾರ್ಯರು ಕೈಯಲ್ಲಿದ್ದ ಉಳಿಯನ್ನು ಪಂಚೆಗೆ ಒರೆಸಿದರು, ಮತ್ತೆ ಒರೆಸಿದರು. "ಎಷ್ಟು ಓಯ್ತು?"

"ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ. ಹದಿನೇಳು ಬಾಗಿಲು."

"ನಾನೇ ಕಳ್ದುಬುಟ್ನಲ್ಲವ್ವ."

"ನಾನೂ ಹೇಳಿರಲಿಲ್ಲ ಮಾವ."

ದಿಲೀಪನಿಗೆ ಫೋನು ಮಾಡಿದಳು. ಬೆಂಗಳೂರಿಗೆ ಕಳಿಸಿ ನೋಡಬಹುದು, ಬರುತ್ತದೆ ಎಂಬ ಗ್ಯಾರಂಟಿ ಇಲ್ಲ ಎಂದ. ಅವಳು ಫೋನು ಇಟ್ಟಮೇಲೆ ಆಚಾರ್ಯರು ಉಳಿಯನ್ನು ಹಲಗೆಯ ಮೇಲಿಟ್ಟರು.

"ಬಾಗ್ಲು ಎಲ್ಲಿಗೂ ಓಗಿಲ್ವಲ್ಲ," ಎಂದರು. "ಅವರವ್ರ ಮನೇಲೇ ಅವೆ. ನಮ್ಮಪ್ಪನ ಕಾಲ್ದಲ್ಲಿ ಯಾವ ಫೈಲು? ಕೆತ್ನೆ ಮ್ಯಾಲೆ ಕಾಗ್ದದ ಆಳೆ ಮಡಗಿ ಇದ್ಲು ಉಜ್ಜಿದ್ರೆ ಚಿತ್ರ ಬತ್ತದೆ. ಅಂಗೆ ತಂದಿದ್ನ ಎರಡೆರಡು ಮಾಡಿ, ಒಂದು ನಮ್ಮನೇಲಿ, ಒಂದು ಭಾವನ ಮನೇಲಿ ಮಡಗೋರು."

ಸೋಮವಾರ ಹರ್ಷಿತ ದಿಲೀಪನಲ್ಲಿ ಅಂಥದ್ದೇ ಇನ್ನೊಂದು ಡಿಸ್ಕು ಕೊಂಡಳು. ಉಳಿದದ್ದನ್ನು ಅದಕ್ಕೂ ತುಂಬಿಸಿ ಅಣ್ಣನ ಮನೆಗೆ ಕೊಟ್ಟು ಬಂದಳು. ಬುಧವಾರ ಮಾವ, ಸೊಸೆ ಕಾಗದದ ಸುರುಳಿ, ಇದ್ದಿಲು ಹಿಡಿದು ಪಾಂಡವಪುರದ ಬಸ್ಸು ಹತ್ತಿದರು.

ಮೊದಲ ಮನೆ ಬೆಟ್ಟಮ್ಮನದು. "ಕದ ಎಲ್ಲಾ ಮಸಿ ಮಾಡ್ಬುಟ್ಟೀರಾ ಆಚಾರ್ರೇ," ಎಂದಳು.

"ಒರೆಸಿಕೊಟ್ಟೇ ಹೋಗ್ತೀವಿ ಅಮ್ಮ," ಎಂದಳು ಹರ್ಷಿತ.

ಆಚಾರ್ಯರು ಕಾಗದ ಬಿಗಿಹಿಡಿದರು. ಅವಳು ಕೆಳಗಿನಿಂದ ಉಜ್ಜುತ್ತ ಬಂದಳು. ಬಳ್ಳಿ ಬಂತು, ಎಲೆ ಬಂತು, ತಾವರೆ ಬಂತು. ತಾವರೆಯ ಮೂರನೇ ಎಸಳು ಉಳಿದವಕ್ಕಿಂತ ಗಿಡ್ಡ.

"ಅದು ಮಿಷನ್ದಲ್ಲ," ಎಂದರು ಆಚಾರ್ಯರು. "ನಯ ಮಾಡ್ವಾಗ ಅವ್ನ ಕೈ ಜಾರಿದ್ದು. ಬೈದಿದ್ದೆ."

"ಕಂಪ್ಯೂಟರಿಗೆ ಹಾಕುವಾಗ ಸರಿ ಮಾಡ್ಲಾ ಮಾವ?"

ಅವರು ಎಸಳಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ನಿಂತರು.

"ಇದ್ದಂಗೇ ತಗವ್ವ."

ಅವರು ಬೆರಳು ತೆಗೆದ ಮೇಲೆ ಅವಳು ಇದ್ದ ಹಾಗೆಯೇ ಉಜ್ಜಿದಳು. ಇನ್ನು ಹದಿನಾರು ಬಾಗಿಲು ಬಾಕಿ ಇದ್ದವು.