ಇನ್‌ವರ್ಡ್ಲಿ, ಅಂದರೆ ಬಾಯಿ ಮುಚ್ಚಿ

ದನಿಯಕ್ಕನ ಕಸುಬು ಕಂಡವರ ಬಾಯಿಗೆ ಮಾತು ಹಾಕುವುದು. ಹೊರದೇಶದ ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುವ ಆ ಸ್ಟುಡಿಯೋದಲ್ಲಿ ಎಷ್ಟೋ ವರ್ಷಗಳಿಂದ ನಾಯಕಿಯರೆಲ್ಲ ಅವಳ ಗಂಟಲಿನಿಂದಲೇ ಅತ್ತಿದ್ದರು, ನಕ್ಕಿದ್ದರು, ಗಂಡಂದಿರನ್ನು ಬಿಟ್ಟಿದ್ದರು. ಆ ಉಪಕಾರಕ್ಕೆ ಪ್ರತಿಯಾಗಿ ಯಜಮಾನರು ಅವಳಿಗೆ ಫ್ಯಾನಿಲ್ಲದ ಒಂದು ಗಾಜಿನ ಗೂಡು ಕೊಟ್ಟಿದ್ದರು. ಫ್ಯಾನ್ ಹಾಕಿದರೆ ಮೈಕಿನಲ್ಲಿ ಸದ್ದು ಬರುತ್ತದಂತೆ. ಯಜಮಾನರ ಕೋಣೆಯ ಏಸಿ ಮಾತ್ರ ಒಳ್ಳೆಯ ಮನೆತನದ್ದು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹೊಸ ಧಾರಾವಾಹಿಯ ಸಂಭಾಷಣೆಯಲ್ಲಿ ಅಲ್ಲಲ್ಲಿ ‘ಇನ್‌ವರ್ಡ್ಲಿ’ ಎಂಬ ಇಂಗ್ಲಿಷ್ ಪದ ಹಾಗೆಯೇ ಉಳಿದುಕೊಂಡಿತ್ತು. ಹಾಗಂದರೇನು ಎಂದು ದನಿಯಕ್ಕ ಕೇಳಿದಳು.

“ಒಳಗೊಳಗೇ ಅಂತ,” ಎಂದರು ಯಜಮಾನರು. “ಆಕೆ ಮೇಲೆ ನಗ್ತಿರ್ತಾಳೆ, ಒಳಗೊಳಗೇ ಕುದೀತಿರ್ತಾಳೆ. ತೆರೆ ಮೇಲೆ ಬಾಯಿ ಮುಚ್ಚಿರುತ್ತೆ. ಮನಸ್ಸಲ್ಲಿರೋದು ನಮಗೆ ಕೇಳಿಸ್ಬೇಕು, ಅಷ್ಟೆ.”

ದನಿಯಕ್ಕನಿಗೆ ಥಟ್ಟನೆ ಅರ್ಥವಾಯಿತು. ಅವಳಿಗೆ ಪದ ಹೊಸದಾಗಿತ್ತೇ ಹೊರತು ಅಭ್ಯಾಸ ಹಳೆಯದು.

ಯಜಮಾನರು ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

“ಈ ಸಲ ನಾಯಕಿ ಮಾತು ನಮ್ಮ ಸೊಸೆ ಹೇಳ್ಲಿ. ಮನೇಲಿ ಸುಮ್ನೆ ಕೂತಿದಾಳೆ. ಒಳಗಿನ ಮಾತೆಲ್ಲ ನೀನೇ ಹೇಳು. ಒಳಗಿನ ದನಿ ಸ್ವಲ್ಪ ಬೇರೆ ಥರ ಇದ್ರೆ ಯಾರು ಕೇಳ್ತಾರೆ? ನಿನಗೇನೂ ಬೇಜಾರಿಲ್ಲ ತಾನೇ?”

“ಅಯ್ಯೋ, ಬೇಜಾರೇನಿದೆ ಸರ್,” ಎಂದು ದನಿಯಕ್ಕ ನಕ್ಕಳು. ತನ್ನದು ಅಂತ ಅವಳಿಗೆ ಇದ್ದದ್ದು ಆ ದನಿಯೊಂದೇ. ಅದನ್ನೂ ಸಿಪ್ಪೆ ಒಬ್ಬರಿಗೆ, ತಿರುಳು ಒಬ್ಬರಿಗೆ ಎಂದು ಪಾಲು ಮಾಡಿಬಿಟ್ಟರಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು.

ಹೀಗೆ ಒಬ್ಬ ನಾಯಕಿಗಾಗಿ ಇಬ್ಬರು ಹೆಂಗಸರು ಆ ಗೂಡಿನೊಳಗೆ ಬೆವರುತ್ತ ನಿಂತರು. ಸೊಸೆ ಪಾಪದವಳು. “ನಿಮ್ಮನ್ನು ನೋಡಿ ತುಂಬಾ ಸಂತೋಷವಾಯಿತು,” ಎಂಬುದನ್ನು ಔಷಧಿ ಬಾಟಲಿಯ ಮೇಲಿನ ಸೂಚನೆಯಂತೆ ಓದಿದಳು. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಯಜಮಾನರು ಕಣ್ಣು ಮುಚ್ಚಿ, “ಭೇಷ್,” ಎಂದರು. ಬಹುಶಃ ಕಿವಿಯನ್ನೂ ಮುಚ್ಚಿಕೊಂಡಿದ್ದರು.

ಮುಂದಿನದು ಒಳಗಿನ ಮಾತು. ‘ಇವನ ಮುಖ ಕಂಡರೆ ನನಗಾಗದು’ ಎಂದು ಬರೆದಿತ್ತು. ದನಿಯಕ್ಕ ಮೈಕಿನ ಹತ್ತಿರ ಸರಿದು ಬಾಯಿ ತೆರೆದಳು. ಬಂದದ್ದು ಬೇರೆ.

“ಇಷ್ಟು ವರ್ಷ ನಿಮ್ಮ ಹತ್ರ ದುಡಿದೆ. ಕೊನೆಗೆ ಬಾಯಿ ಮುಚ್ಕೊಂಡಿರೋಳ ಪಾಲು ನನಗೆ ಕೊಟ್ರಿ. ಬೇಜಾರಿಲ್ಲ ತಾನೇ ಅಂತ ಬೇರೆ ಕೇಳಿದ್ರಿ. ಬೇಜಾರಾಗಿದೆ. ತುಂಬಾ ಬೇಜಾರಾಗಿದೆ.”

ಯಜಮಾನರು ತಲೆದೂಗಿದರು. “ಆಹಾ, ಏನು ಭಾವ. ಯಾವ ಪುಟ ಅದು?”

“ಪುಟದಲ್ಲಿಲ್ಲ ಸರ್. ನಿಮಗೇ ಹೇಳಿದ್ದು.”

ಯಜಮಾನರ ಕಣ್ಣು ತೆರೆಯಿತು. ಅಷ್ಟರಲ್ಲಿ ಸೊಸೆ ಮೈಕಿನತ್ತ ಬಗ್ಗಿದಳು. “ಮಾವ, ನನಗೂ ಇದು ಬೇಡ. ಮೊದಲೇ ಹೇಳ್ಬೇಕು ಅಂತಿದ್ದೆ. ನೀವು ಬೇಸರ ಮಾಡ್ಕೋತೀರಿ ಅಂತ ಸುಮ್ನಿದ್ದೆ.”

“ಹಾಗಾ?” ಎಂದ ಯಜಮಾನರ ಮುಖದಲ್ಲಿ ಬೇಸರ ಹುಡುಕಿದರೂ ಸಿಗಲಿಲ್ಲ. “ನಿಜ ಹೇಳ್ಬೇಕಂದ್ರೆ, ನೀನು ಓದೋದು ನನಗೂ ಅಷ್ಟಕ್ಕಷ್ಟೆ ಅನಿಸಿತ್ತಮ್ಮ. ನಿಮ್ಮತ್ತೆ ಮುಖ ಊದಿಸ್ಕೋತಾಳೆ ಅಂತ ಭೇಷ್ ಅಂದೆ.”

ಎಲ್ಲರೂ ಎಲ್ಲರ ಮನಸ್ಸು ಕಾಯುತ್ತ, ಕೂಡಿಕೊಂಡು ಒಂದು ಧಾರಾವಾಹಿಯನ್ನು ಹಳ್ಳ ಹಿಡಿಸುತ್ತಿದ್ದರು. ಸಭ್ಯತೆ ಎಂದರೆ ಅದೇ ಇರಬೇಕು. ಸೊಸೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ದನಿಯಕ್ಕನ ಕೈ ಅದುಮಿ, ಹೊರಗಿನ ಗಾಳಿಗೆ ಹೋದಳು.

“ಸರಿ, ಪೂರ್ತಿ ಪಾತ್ರ ನೀನೇ ಮಾಡು,” ಎಂದರು ಯಜಮಾನರು, ದೊಡ್ಡ ದಾನ ಮಾಡಿದವರ ಹಾಗೆ. “ಈಗ ಖುಷಿ ತಾನೇ?”

ಹೌದು ಸರ್ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ದನಿಯಕ್ಕ ಅದನ್ನು ನುಂಗಿಕೊಂಡಳು.

“ಪಾತ್ರ ಮಾಡ್ತೀನಿ ಸರ್. ಆದ್ರೆ ಬೇಜಾರು ಇನ್ನೂ ಹೋಗಿಲ್ಲ.”

ಯಜಮಾನರು ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು, ಮಗುಚಿಯೂ ನೋಡಿದರು. ಇದಕ್ಕೆ ಏನು ಹೇಳಬೇಕೆಂದು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ.